ಮೂರಡಿ ಮೂರಂಗುಲ

ನಿವೃತ್ತ ಮೇಷ್ಟರ ಮನೆಗೆ ಜನ ಎರಡು ಬಗೆಯ ಕಾಗದಗಳನ್ನು ಹಿಡಿದು ಬರುತ್ತಾರೆ. ಒಂದು, ಮದುವೆಯ ಕರೆಯೋಲೆ. ಇನ್ನೊಂದು, ಯಾವುದಾದರೂ ಕಚೇರಿಯಿಂದ ಬಂದ ಪತ್ರ. ಮೊದಲನೆಯದನ್ನು ಅಕ್ಷತೆಯೊಂದಿಗೆ ಎರಡೂ ಕೈಯಲ್ಲಿ ಕೊಡುತ್ತಾರೆ. ಎರಡನೆಯದನ್ನು ಚೀಲದಿಂದ ಹೊರತೆಗೆಯುವಾಗಲೇ ಅವರ ಮುಖ ಬಾಡಿರುತ್ತದೆ. "ಮೇಷ್ಟ್ರೇ, ಇದರಲ್ಲೇನಿದೆ ಸ್ವಲ್ಪ ನೋಡಿ" ಎನ್ನುತ್ತಾರೆ. ಹಾಗೆ ಬಂದವರಲ್ಲಿ ಎಂಜಿನಿಯರಿಂಗ್ ಓದಿದವರಿದ್ದಾರೆ, ಬ್ಯಾಂಕಿನಲ್ಲಿ ಅಧಿಕಾರಿಗಳಾಗಿ ದುಡಿದವರಿದ್ದಾರೆ. ಅವರಿಗೆ ಓದಲು ಬಾರದೆಂದಲ್ಲ. ಸರ್ಕಾರಿ ಕಾಗದವನ್ನು ತಾವೇ ಓದಿ ಅರ್ಥ ಮಾಡಿಕೊಳ್ಳಬಹುದೆಂಬ ಧೈರ್ಯ ನಮ್ಮವರಲ್ಲಿ ಬೆಳೆದಿಲ್ಲ. ಅದನ್ನು ದೇವರ ಮನೆಯ ಗೂಡಿನಲ್ಲಿಟ್ಟು ಮರೆಯುತ್ತಾರೆ, ಇಲ್ಲವೇ ಕಚೇರಿಯ ಬಾಗಿಲಲ್ಲಿ ನಿಂತಿರುವ ಮಧ್ಯವರ್ತಿಯ ಕೈಗೆ ಕೊಡುತ್ತಾರೆ.

2025ರ ಆಷಾಢದಲ್ಲಿ ಅಂಥದೊಂದು ಕಾಗದ ನನ್ನ ಚಿಕ್ಕಮ್ಮನ ಮನೆಗೇ ಬಂತು. ಸುದ್ದಿ ಅರ್ಧಂಬರ್ಧ ಹರಡಿ, "ಮನೆ ಒಡೆದು ಹಾಕುತ್ತಾರಂತಲ್ಲ" ಎಂದು ಎರಡು ಮೂರು ಊರುಗಳಿಂದ ನನಗೆ ಫೋನು ಬಂದವು. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಬರೆದಿಡುವುದು ಒಳ್ಳೆಯದೆನಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮನೆ ಕಟ್ಟಿಸುತ್ತಿರುವವರು, ಫ್ಲ್ಯಾಟು ಕೊಳ್ಳಲು ಹೊರಟವರು ಬಹಳ ಮಂದಿ ಇದ್ದೀರಿ. ನಿಮಗೂ ಇದರಿಂದ ಸ್ವಲ್ಪ ಉಪಯೋಗವಾದೀತು.

ಚಿಕ್ಕಮ್ಮನಿಗೆ ಈಗ ಎಂಬತ್ತಾರು ವರ್ಷ. ಹೈಸ್ಕೂಲಿನ ಮೂರು ವರ್ಷ ನಾನು ಆಕೆಯ ಕೈಯಡುಗೆ ಉಂಡು ಓದಿದವನು. 2022ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದ ಮೇಲೆ ಮಹಡಿ ಹತ್ತುವುದು ನಿಂತುಹೋಯಿತು. ಕೆಳಗಡೆ ಇದ್ದದ್ದು ಹಜಾರ, ಅಡುಗೆಮನೆ ಮತ್ತು ಐದಡಿ ಅಗಲದ ಒಂದು ಉಗ್ರಾಣ. ಆ ಉಗ್ರಾಣದಲ್ಲಿ ಮಂಚ ಹಾಕಿದರೆ ಗಾಲಿಕುರ್ಚಿ ತಿರುಗುವುದಿಲ್ಲ. ಮಗಳು, ಎಂದರೆ ನನ್ನ ತಂಗಿ, ಮೇಸ್ತ್ರಿಯನ್ನು ಕರೆಸಿದಳು. ಆತ ಉಗ್ರಾಣದ ಹೊರಗೋಡೆಯನ್ನು ಕೆಡವಿ, ಮನೆಗೂ ಕಾಂಪೌಂಡಿಗೂ ನಡುವೆ ಇದ್ದ ಓಣಿಯನ್ನು ಒಳಗೆ ಸೇರಿಸಿಕೊಂಡು, ಕಾಂಪೌಂಡು ಗೋಡೆಯನ್ನೇ ಎತ್ತರಿಸಿ ಅದರ ಮೇಲೆ ಆರ್‌ಸಿಸಿ ಹಾಕಿದ. "ಈ ಬೀದೀಲಿ ಆ ಜಾಗ ಬಿಟ್ಟೋರು ಯಾರವ್ರೆ ತಾಯಿ" ಎಂದು ಸಮಾಧಾನವನ್ನೂ ಹೇಳಿದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕೋಣೆ ಎಂಟಡಿ ಅಗಲವಾಯಿತು. ಚಿಕ್ಕಮ್ಮ ಎರಡು ವರ್ಷ ಅದರಲ್ಲಿ ಸುಖವಾಗಿ ಮಲಗಿದಳು. ಆಮೇಲೆ ನೋಟಿಸು ಬಂತು.

ತಂಗಿ ಅದನ್ನು ತಂದಾಗ ಜೊತೆಗೆ ಒಂದು ಲೆಕ್ಕವನ್ನೂ ತಂದಿದ್ದಳು. ಕಚೇರಿಯ ಹತ್ತಿರ ಸಿಕ್ಕಿದ ಒಬ್ಬಾತ ನಲವತ್ತು ಸಾವಿರಕ್ಕೆ "ಫೈಲು ಕ್ಲೋಸ್" ಮಾಡಿಸಿಕೊಡುತ್ತೇನೆಂದಿದ್ದನಂತೆ. "ಅಣ್ಣಯ್ಯ, ನಾಳೆ ಜೆಸಿಬಿ ಬಂದರೆ ಅಮ್ಮನನ್ನು ಎಲ್ಲಿ ಮಲಗಿಸಲಿ?" ಎಂದು ಅಳುವುದಕ್ಕೇ ಶುರು ಮಾಡಿದಳು.

"ಮೊದಲು ಓದೋಣ ಕಣಮ್ಮ" ಎಂದೆ.

ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು, ಗದ್ಯಪಾಠಕ್ಕೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆಗಳು: ಹೇಳುವವರು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ? ನೋಟಿಸಿಗೂ ಅವೇ ಸಾಕು. ಹೇಳುತ್ತಿರುವವರು ಪಾಲಿಕೆಯ ಆಯುಕ್ತರ ಪರವಾಗಿ ಒಬ್ಬ ಅಧಿಕಾರಿ. ಕೇಳಬೇಕಾದವಳು ಮನೆಯ ಒಡತಿ. ಸಂದರ್ಭ, ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮ 1976ರ 321ನೆಯ ಪ್ರಕರಣ. ಆ ಪ್ರಕರಣಕ್ಕೆ ಮೂರು ಮೆಟ್ಟಿಲುಗಳಿವೆ. ಅನುಮತಿಯಿಲ್ಲದೆ, ಅಥವಾ ಮಂಜೂರಾದ ನಕ್ಷೆಗೆ ವಿರುದ್ಧವಾಗಿ ಕಟ್ಟಿದ್ದಾರೆಂದು ಆಯುಕ್ತರಿಗೆ ಮನವರಿಕೆಯಾದರೆ ಮೊದಲನೆಯ ಉಪಪ್ರಕರಣದ ಕೆಳಗೆ ಒಂದು ತಾತ್ಕಾಲಿಕ ಆದೇಶ ಹೊರಡುತ್ತದೆ. ಎರಡನೆಯದರ ಕೆಳಗೆ, ಆ ಆದೇಶವನ್ನು ಏಕೆ ಸ್ಥಿರಪಡಿಸಬಾರದೆಂದು ಕಾರಣ ಕೇಳಬೇಕು. ಮಾಲೀಕರು ಕೊಟ್ಟ ಕಾರಣ ಒಪ್ಪಿಗೆಯಾಗದಿದ್ದರೆ, ಅಥವಾ ಅವರು ಉತ್ತರವನ್ನೇ ಕೊಡದಿದ್ದರೆ, ಮೂರನೆಯದರ ಕೆಳಗೆ ಆದೇಶವನ್ನು ಇದ್ದಂತೆಯೇ ಅಥವಾ ಮಾರ್ಪಡಿಸಿ ಸ್ಥಿರಪಡಿಸಬಹುದು. ಅದರ ಮೇಲೂ 443-ಎ ಪ್ರಕರಣದಂತೆ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗುವ ದಾರಿಯಿದೆ. ತಂಗಿಗೆ ಬಂದದ್ದು ಮೊದಲ ಎರಡು ಮೆಟ್ಟಿಲಿನ ಕಾಗದ. 'ತಾತ್ಕಾಲಿಕ' ಎಂಬ ಶಬ್ದ ಅದರಲ್ಲಿ ಎರಡು ಕಡೆ ಇತ್ತು; ಆಕೆಯ ಕಣ್ಣಿಗೆ ಬಿದ್ದದ್ದು 'ನೆಲಸಮ' ಎಂಬುದೊಂದೇ.

ಉತ್ತರಕ್ಕೆ ಏಳು ದಿನ ಕೊಟ್ಟಿದ್ದರು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಕಟ್ಟಡಗಳ ನೆಲಸಮದ ಬಗ್ಗೆ ಕೊಟ್ಟ ತೀರ್ಪನ್ನು ಪತ್ರಿಕೆಗಳಲ್ಲಿ ನೀವೆಲ್ಲ ಓದಿರುತ್ತೀರಿ. ಕಾರಣ ಕೇಳುವ ನೋಟಿಸಿಗೆ ಸ್ಥಳೀಯ ಕಾನೂನು ಹೇಳುವ ಅವಧಿ ಅಥವಾ ಹದಿನೈದು ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಕೊಡಬೇಕೆಂದು ಅದರಲ್ಲಿದೆ. ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಪಕ್ಕ, ನದಿ ಮುಂತಾದ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಆ ರಕ್ಷಣೆ ಇಲ್ಲ. ನಮ್ಮದು ಸ್ವಂತ ನಿವೇಶನ. ಅದನ್ನು ವಿನಯದಿಂದ ನೆನಪಿಸಿ, ಹದಿನೈದು ದಿನ ಕಾಲಾವಕಾಶ ಕೇಳಿ ಅಂದೇ ನಾಲ್ಕು ಸಾಲಿನ ಒಂದು ಪತ್ರ ಬರೆದೆವು. ಟಪ್ಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬಂದೆವು. ಆ ಮೊಹರಿನ ಬೆಲೆ ನಲವತ್ತು ಸಾವಿರಕ್ಕಿಂತ ಹೆಚ್ಚು ಎಂಬುದು ತಂಗಿಗೆ ಆಮೇಲೆ ತಿಳಿಯಿತು.

ಆಕೆಯ ವಾದ ಸರಳವಾಗಿತ್ತು. "ಖಾತೆ ನಮ್ಮ ಹೆಸರಲ್ಲಿದೆ. ಪ್ರತಿ ವರ್ಷ ಕಂದಾಯ ಕಟ್ಟಿದ್ದೇವೆ. ಹೊಸ ಕೋಣೆಯ ಚದರಡಿಯನ್ನೂ ಸೇರಿಸಿಯೇ ಕಟ್ಟಿದ್ದೇವೆ. ಹಣ ತೆಗೆದುಕೊಂಡ ಮೇಲೆ ಅಕ್ರಮ ಅನ್ನೋದು ಹೇಗೆ?" ಇದು ಆಕೆಯೊಬ್ಬಳ ಪ್ರಶ್ನೆಯಲ್ಲ. ನನ್ನ ಬಳಿ ಬರುವ ನೂರರಲ್ಲಿ ತೊಂಬತ್ತು ಜನರ ಗೊಂದಲ ಇಲ್ಲೇ ಇರುತ್ತದೆ. ಹಾಗಾಗಿ ಶಾಲೆಯ ಭಾಷೆಯಲ್ಲೇ ಹೇಳಿದೆ. ಖಾತೆಯೆಂದರೆ ಹಾಜರಿ ಪುಸ್ತಕ. ಇಂಥ ಸ್ವತ್ತಿಗೆ ಕಂದಾಯ ಕಟ್ಟಬೇಕಾದವರು ಇಂಥವರು ಎಂದು ಕಚೇರಿ ಬರೆದುಕೊಂಡ ಲೆಕ್ಕ ಅದು. ಹೆಸರೇ ಹೇಳುವಂತೆ ಬರಿಯ ಖಾತೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಹುಡುಗ ಪಾಸಾದನೆಂದು ಆಗುವುದಿಲ್ಲ. ಸ್ವತ್ತು ನಮ್ಮದೆಂದು ಹೇಳುವುದು ನೋಂದಾಯಿತ ಕ್ರಯಪತ್ರ ಮತ್ತು ಅದರ ಹಿಂದಿನ ಪತ್ರಗಳ ಸರಪಳಿ. ಕಂದಾಯದ ರಸೀದಿ ಶಾಲೆಯ ಶುಲ್ಕದ ರಸೀದಿಯಂತೆ. ಅಕ್ರಮವಾಗಿ ಕಟ್ಟಿದ ಕಟ್ಟಡಕ್ಕೂ ತೆರಿಗೆ ಹಾಕಬಹುದು, ಹಾಗೆ ಹಾಕಿದ್ದರಿಂದಲೇ ಅದು ಸಕ್ರಮವಾಗುವುದಿಲ್ಲ ಎಂದು ನಮ್ಮ ಕಾನೂನೇ ಹೇಳಿದೆ. ಬೆಂಗಳೂರಿನಲ್ಲಿ 'ಬಿ ಖಾತೆ' ಎಂದು ಜನ ಕರೆಯುವ ಪ್ರತ್ಯೇಕ ವಹಿ ಹುಟ್ಟಿದ್ದು ಇದರಿಂದಲೇ. 2025ರಲ್ಲಿ ರಾಜ್ಯದ ಉಳಿದ ಪಟ್ಟಣಗಳಲ್ಲೂ ಬಿ ಖಾತೆ ಕೊಡುವ ಅಭಿಯಾನ ನಡೆದಾಗ, "ನಮ್ಮ ಮನೆ ಸಕ್ರಮವಾಯಿತು" ಎಂದು ಪೇಡ ಹಂಚಿದವರನ್ನು ನಾನು ಕಂಡಿದ್ದೇನೆ. ಪೇಡ ಚೆನ್ನಾಗಿತ್ತು.

ಕಟ್ಟುವುದಕ್ಕೆ ಅನುಮತಿ ಎಂಬುದು ಬೇರೆಯೇ ಕಾಗದ. 299ನೆಯ ಪ್ರಕರಣದಂತೆ ಅರ್ಜಿ ಕೊಟ್ಟು, ನಕ್ಷೆ ಮಂಜೂರು ಮಾಡಿಸಿಕೊಂಡು ಪಡೆಯುವ ಪರವಾನಗಿ ಅದು. ಕಟ್ಟಿ ಮುಗಿದ ಒಂದು ತಿಂಗಳೊಳಗೆ ಹಾಗೆಂದು ತಿಳಿಸಿ, ವಾಸಕ್ಕೆ ಒಪ್ಪಿಗೆ ಪಡೆಯಬೇಕೆಂದು 310ನೆಯ ಪ್ರಕರಣ ಹೇಳುತ್ತದೆ. ಈಗ ಎಲ್ಲರ ಬಾಯಲ್ಲಿರುವ ಸ್ವಾಧೀನಾನುಭವ ಪತ್ರ, ಒಸಿ, ಇದೇ. ಪರವಾನಗಿ ಪರೀಕ್ಷೆಗೆ ಕೂರಲು ಕೊಟ್ಟ ಪ್ರವೇಶಪತ್ರ; ಒಸಿ ಅಂಕಪಟ್ಟಿ. ಪ್ರವೇಶಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೇ ನಮ್ಮಲ್ಲಿ ಹೆಚ್ಚು. (ಸಣ್ಣ ಊರುಗಳಲ್ಲಿರುವವರಿಗೆ ಒಂದು ಮಾತು: ನಿಮ್ಮ ನಗರಸಭೆ, ಪುರಸಭೆಗಳಿಗೆ ಅನ್ವಯಿಸುವುದು 1964ರ ಪುರಸಭೆಗಳ ಅಧಿನಿಯಮ, ಪ್ರಕರಣಗಳ ಸಂಖ್ಯೆ ಬೇರೆ. ಬೆಂಗಳೂರಿಗೆ 2020ರಲ್ಲೊಂದು, ಆಮೇಲೆ ಇನ್ನೊಂದು ಪ್ರತ್ಯೇಕ ಕಾನೂನು ಬಂದು, 2025ರ ಸೆಪ್ಟೆಂಬರಿನಿಂದ ಅಲ್ಲಿ ಒಂದರ ಬದಲು ಐದು ಪಾಲಿಕೆಗಳಾಗಿವೆ.)

ತಂಗಿಯ ಟ್ರಂಕಿನಲ್ಲಿ 1998ರ ನೀಲಿನಕ್ಷೆ ಸಿಕ್ಕಿತು. ಮಡಿಕೆಗಳಲ್ಲಿ ಹರಿದು ನಾಲ್ಕು ಚೂರಾಗಿತ್ತು. ಹಜಾರದ ನೆಲದ ಮೇಲೆ ಚೂರುಗಳನ್ನು ಜೋಡಿಸಿ, ಅಳಿಯನ ಕೈಗೆ ಟೇಪಿನ ಒಂದು ತುದಿ ಕೊಟ್ಟು ಅಳೆದೆವು. ನಕ್ಷೆಯಲ್ಲಿ ಮೀಟರು, ಮೇಸ್ತ್ರಿಯ ಬಾಯಲ್ಲಿ ಅಡಿ. ಬಲಮಗ್ಗುಲಲ್ಲಿ ಬಿಡಬೇಕಾದ ಜಾಗ ಒಂದು ಮೀಟರು, ಎಂದರೆ ಮೂರಡಿ ಮೂರಂಗುಲ ಚಿಲ್ಲರೆ. ಈಗ ಉಳಿದಿದ್ದದ್ದು ಸೊನ್ನೆ.

ಕಚೇರಿಯ ಬಾಗಿಲಿನ ಮನುಷ್ಯ ಹೇಳಿದ್ದ ಇನ್ನೊಂದು ಮಾತನ್ನು ಇಲ್ಲಿ ಲೆಕ್ಕ ಹಾಕಿ ನೋಡಬಹುದು. "ಅಕ್ರಮ-ಸಕ್ರಮ ಬರುತ್ತೆ, ಅಲ್ಲೀವರೆಗೆ ತಳ್ಳಿದರಾಯಿತು" ಎಂದಿದ್ದನಂತೆ. ಆ ಯೋಜನೆಯ ನಿಯಮಗಳು 2014ರಲ್ಲಿ ಬಂದವು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು. ತಡೆ ಇಲ್ಲದಿದ್ದರೂ, ವಾಸದ ಮನೆಗಳಲ್ಲಿ ಅದು ಕ್ಷಮಿಸಲು ಹೊರಟಿದ್ದದ್ದು ಶೇಕಡ 50ರವರೆಗಿನ ಉಲ್ಲಂಘನೆಯನ್ನು ಮಾತ್ರ, ಅದೂ 2013ರ ಅಕ್ಟೋಬರಿಗಿಂತ ಮುಂಚಿನದನ್ನು. ನಮ್ಮದು 2023ರ ಕೋಣೆ, ಉಲ್ಲಂಘನೆ ನೂರಕ್ಕೆ ನೂರು. ಸಾಮಾನ್ಯ ಉಪವಿಧಿಗಳಲ್ಲಿರುವ ರಿಯಾಯಿತಿ ಇನ್ನೂ ಕಡಿಮೆ. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳಲ್ಲಿ ಅದು ಶೇಕಡ 5. ಒಂದು ಮೀಟರಿಗೆ ಐದು ಸೆಂಟಿಮೀಟರು, ಗಾರೆಯ ದಪ್ಪ ಹೆಚ್ಚುಕಡಿಮೆಯಾದರೆ ಮನ್ನಿಸುವಷ್ಟು.

ಅಳತೆ ಮುಗಿದ ಮೇಲೆ ನಾನು ಪಕ್ಕದ ಮನೆಗೆ ಹೋದೆ. ದೂರು ಕೊಟ್ಟವರು ಅವರೇ ಎಂದು ಬೀದಿಗೆಲ್ಲ ಗೊತ್ತಿತ್ತು. ತಂಗಿ ಅವರೊಂದಿಗೆ ಮಾತು ಬಿಟ್ಟು ಒಂದು ವರ್ಷವಾಗಿತ್ತು. "ಹೋಗಬೇಡ ಅಣ್ಣಯ್ಯ, ಅವರ ಕಾಲಿಗೆ ಬೀಳುವ ಗತಿ ನಮಗೇನೂ ಬಂದಿಲ್ಲ" ಎಂದಳು. ಆ ಮನೆಯಾಕೆ ನನ್ನನ್ನು ಕೂರಿಸಿ, ಕಾಫಿ ತರುತ್ತೇನೆಂದು ಒಳಗೆ ಹೋಗಿ ದೀಪ ಹಾಕಿದರು. ಹೊತ್ತು ಬೆಳಗಿನ ಹನ್ನೊಂದು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಕಿಟಕಿಯ ಆಚೆ, ಮೂರಡಿಯಲ್ಲಿ, ಹತ್ತಡಿ ಎತ್ತರದ ಬರಿಯ ಸಿಮೆಂಟು ಗೋಡೆ. ಅದರ ತುದಿಯಿಂದ ಒಂದು ಪೈಪು ಇವರ ಓಣಿಯ ಕಡೆಗೆ ಮೂತಿ ಚಾಚಿತ್ತು. ಮಳೆ ಬಂದಾಗಲೆಲ್ಲ ತಂಗಿಯ ಮನೆಯ ನೀರು ಇವರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳುತ್ತಿತ್ತು. ಗೋಡೆಯ ಬುಡದಲ್ಲಿ ಸೊಂಟದೆತ್ತರ ಪಾಚಿ.

"ಅಜ್ಜಿಗೆ ಕೋಣೆ ಬೇಡ ಅಂತ ನಾವು ಹೇಳಲಿಲ್ಲ ಮೇಷ್ಟ್ರೇ" ಎಂದರು ಆಕೆ. "ಕಟ್ಟುವಾಗ ಒಂದು ಮಾತು ಕೇಳಲಿಲ್ಲ. ಆಮೇಲೆ ಪೈಪಾದರೂ ತಿರುಗಿಸಿ ಅಂದದ್ದಕ್ಕೆ ಬಾಗಿಲು ಹಾಕಿಕೊಂಡರು. ಮನೆಯವರು ಬೇಡ ಬೇಡ ಅಂದರೂ ನಾನೇ ಬರೆದುಕೊಟ್ಟೆ."

ಇಲ್ಲಿ ನನ್ನ ಅಭಿಪ್ರಾಯವನ್ನು ಬಂಧುಗಳು ಬೇಸರಿಸಿಕೊಳ್ಳದೆ ಕೇಳಬೇಕು. ದೂರು ನ್ಯಾಯವಾಗಿತ್ತು. ಸೆಟ್‌ಬ್ಯಾಕ್ ಎಂಬ ಶಬ್ದ ಕೇಳಿದರೆ ನಮ್ಮ ಜಾಗವನ್ನು ಸರ್ಕಾರ ಕಿತ್ತುಕೊಂಡಂತೆ ಸಿಡುಕುವವರೇ ಹೆಚ್ಚು. ಆ ಮೂರಡಿ ಸರ್ಕಾರಕ್ಕೆ ಹೋಗುವುದಿಲ್ಲ. ಇತ್ತ ಮೂರಡಿ, ಅತ್ತ ಮೂರಡಿ ಸೇರಿದಾಗ ಎರಡು ಮನೆಗಳ ಕಿಟಕಿಗೆ ಬೆಳಕು ಇಳಿಯುತ್ತದೆ, ಗಾಳಿ ಹಾಯುತ್ತದೆ, ನಮ್ಮ ಸಜ್ಜಾದ ನೀರು ನಮ್ಮ ನೆಲಕ್ಕೇ ಬೀಳುತ್ತದೆ, ಗ್ಯಾಸು ಹತ್ತಿಕೊಂಡರೆ ಹಿತ್ತಲಿಗೆ ಒಬ್ಬ ಮನುಷ್ಯ ಬಕೆಟು ಹಿಡಿದು ಓಡಬಹುದು. ಒಬ್ಬರು ಮುಚ್ಚಿದರೆ ಇನ್ನೊಬ್ಬರು ಬಿಟ್ಟ ಜಾಗವೂ ಅರ್ಧ ವ್ಯರ್ಥವಾಗುತ್ತದೆ. ಬೀದಿಯಲ್ಲಿ ಎಲ್ಲರೂ ಮುಚ್ಚಿದ್ದಾರೆ ಎಂಬ ವಾದವನ್ನು ಆ ಕತ್ತಲ ಅಡುಗೆಮನೆಯಲ್ಲಿ ನಿಂತು ಹೇಳುವ ಮುಖ ನನಗಿರಲಿಲ್ಲ. ಆದರೆ ಚಿಕ್ಕಮ್ಮನ ಮಂಚವೂ ಸುಳ್ಳಲ್ಲವಷ್ಟೆ. ಎಂಬತ್ತಾರರ ಮುದುಕಿಯನ್ನು ಹಜಾರದ ನಡುವೆ, ಬಂದುಹೋಗುವವರ ಕಣ್ಣೆದುರು ಮಲಗಿಸಿ ಬಟ್ಟೆ ಬದಲಾಯಿಸುವುದು ಹೇಗೆ? ಆ ಎರಡು ದಿನ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ದಾರಿ ತೋರಿಸಿದ್ದು ಆ ಹರಿದ ನಕ್ಷೆಯೇ. ಉಗ್ರಾಣಕ್ಕೂ ಹಜಾರಕ್ಕೂ ನಡುವಿನ ಗೋಡೆ ನಾಲ್ಕೂವರೆ ಅಂಗುಲದ್ದು, ಭಾರ ಹೊರುವ ಗೋಡೆಯಲ್ಲ. ಕೋಣೆಯನ್ನು ಹೊರಕ್ಕೆ ತಳ್ಳುವ ಬದಲು ಆ ಗೋಡೆಯನ್ನು ಹಜಾರದ ಕಡೆಗೆ ಸರಿಸಿದರೆ ಮನೆಯ ಹೊರರೇಖೆ 1998ರ ನಕ್ಷೆಯಲ್ಲಿದ್ದಂತೆಯೇ ಉಳಿಯುತ್ತದೆ, ಕೋಣೆಗೆ ಎಂಟಡಿ ಸಿಗುತ್ತದೆ. ಹಜಾರ ಕಿರಿದಾಗುತ್ತದೆ, ಸೋಫಾ ಒಂದು ಹೋಗಬೇಕಾಗುತ್ತದೆ. ಪರವಾನಗಿಯುಳ್ಳ ಎಂಜಿನಿಯರೊಬ್ಬರನ್ನು ಕರೆಸಿ ಕೇಳಿದೆವು. ಅವರು ಗೋಡೆಯನ್ನು ತಟ್ಟಿ, ತೊಲೆಗಳನ್ನು ನೋಡಿ, ಆಗಬಹುದೆಂದರು. ತಂಗಿಗೆ ಸೋಫಾದ ಮೇಲೆ ಬಹಳ ಮಮತೆ. ಕೊನೆಗೆ ಚಿಕ್ಕಮ್ಮನೇ ಮಂಚದಿಂದ ಕೂಗಿ ಹೇಳಿದಳು: "ನಮ್ಮನೆಗೆ ಬರೋರೇ ನಾಲ್ಕು ಜನ. ಅವರು ಚಾಪೆ ಮೇಲೆ ಕೂತ್ಕೋತಾರೆ ಬಿಡೆ."

ನೋಟಿಸಿಗೆ ಉತ್ತರ ಒಂದೇ ಪುಟ. ಕಟ್ಟಿದ್ದು ನಿಜ, ಕಾರಣ ಇದು, ವೈದ್ಯರ ಪತ್ರ ಲಗತ್ತಿಸಿದೆ. ಓಣಿಯಲ್ಲಿ ಕಟ್ಟಿದ ಗೋಡೆ ಮತ್ತು ಚಾವಣಿಯನ್ನು ನಾವೇ ತೆಗೆಯುತ್ತೇವೆ, ಒಳಗೆ ಬದಲಿ ಕೋಣೆ ಆಗುವವರೆಗೆ ಅರವತ್ತು ದಿನ ಕೊಡಬೇಕು, ಎಂಜಿನಿಯರು ಬರೆದ ನಕ್ಷೆ ಇದರೊಂದಿಗಿದೆ. ಬೀದಿಯ ಉಳಿದ ಮನೆಗಳ ಉಲ್ಲಂಘನೆಗಳ ಪಟ್ಟಿಯನ್ನೂ ಸೇರಿಸಬೇಕೆಂದು ಅಳಿಯ ಹಟ ಹಿಡಿದ. ಬೇಡವೆಂದೆ. ಪಕ್ಕದವನೂ ನಕಲು ಮಾಡಿದ ಎಂದು ಹೇಳಿ ಅಂಕ ಪಡೆದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಕಟ್ಟುವಾಗ ಕಣ್ಣು ಮುಚ್ಚಿಕೊಂಡ ಅಧಿಕಾರಿಗೂ ದಂಡನೆ ಎಂದು 321-ಬಿ ಪ್ರಕರಣದಲ್ಲಿದೆ. ಅದು ಬೇರೆ ದಿನದ ಪಾಠ.

ಸ್ಥಳ ಪರಿಶೀಲನೆಯ ವರದಿಯ ಪ್ರತಿಗಾಗಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದೆವು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ನೂರೈವತ್ತು ಶಬ್ದ ಮೀರಬಾರದು. ಸಂಕ್ಷೇಪಿಸಿ ಬರೆಯಿರಿ ಎಂದರೆ ಮೂಲಕ್ಕಿಂತ ಉದ್ದ ಬರೆಯುತ್ತಿದ್ದ ನನ್ನ ಕೆಲವು ಶಿಷ್ಯರು ಇದನ್ನು ಗಮನಿಸಬೇಕು. ವರದಿಯಲ್ಲಿ ಅಳತೆ ನಮ್ಮ ಟೇಪಿನ ಅಳತೆಗೆ ಸರಿಯಾಗಿಯೇ ಇತ್ತು. ವಿಚಾರಣೆಯ ದಿನ ಅಧಿಕಾರಿ ನಮ್ಮ ನಕ್ಷೆಯನ್ನು ಐದು ನಿಮಿಷ ನೋಡಿ, "ಇಷ್ಟನ್ನು ಬರೆದುಕೊಂಡು ಬರುವವರೇ ಇಲ್ಲ ಸಾರ್" ಎಂದರು. ಆದೇಶ ಮಾರ್ಪಾಡಿನೊಂದಿಗೆ ಬಂತು, ಅರವತ್ತು ದಿನ ಸಿಕ್ಕಿತು. ಚಹಾದ ಖರ್ಚು ನಮ್ಮದೇ.

ಫ್ಲ್ಯಾಟು ಕೊಳ್ಳುವವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಕಟ್ಟಡ ಮುಗಿದ ಅಥವಾ ಸ್ವಾಧೀನಾನುಭವದ ಪತ್ರ ನೋಡಿದ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು, ಕಟ್ಟುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು ಎಂದು ಅದರಲ್ಲಿದೆ. ಇದರ ಬಿಸಿ ನಮ್ಮ ರಾಜ್ಯಕ್ಕೆ 2025ರಲ್ಲಿ ಚೆನ್ನಾಗಿ ತಟ್ಟಿತು; ಮನೆ ಮುಗಿದರೂ ಮೀಟರು ಸಿಗದೆ ಕುಳಿತವರು ನಿಮ್ಮ ಪೈಕಿಯೂ ಇದ್ದಾರೆ. ಮುಂಗಡ ಕೊಡುವ ಮೊದಲು ಮಂಜೂರಾದ ನಕ್ಷೆಯನ್ನು ಕೇಳಿ, ಅದರಲ್ಲಿ ಮಹಡಿಗಳೆಷ್ಟು ಎಂದು ಎಣಿಸಿ, ಆಮೇಲೆ ಬೀದಿಗೆ ಬಂದು ಕಟ್ಟಡದ ಮಹಡಿಗಳನ್ನು ಎಣಿಸಿ. ಎರಡೂ ಲೆಕ್ಕ ಸರಿಹೋದರೆ ಮುಂದಿನ ಮಾತು. ನನ್ನ ಶಿಷ್ಯನೊಬ್ಬ ಐದನೆಯ ಮಹಡಿಯಲ್ಲಿ ಮನೆ ಕೊಂಡ. ನಕ್ಷೆಯಲ್ಲಿ ಮಹಡಿಗಳು ನಾಲ್ಕೇ ಇದ್ದವು. ಅವನ ಸಾಲದ ಕಂತು ಈಗಲೂ ನಡೆಯುತ್ತಿದೆ.

ಗೋಡೆ ಕೆಡವಿದ್ದು ಶ್ರಾವಣ ಕಳೆದ ಮೇಲೆ. ಆ ಮೂರು ವಾರ ಚಿಕ್ಕಮ್ಮ ನಮ್ಮ ಮನೆಯಲ್ಲಿದ್ದಳು, ಊಟದ ವಿಷಯದಲ್ಲಿ ನನ್ನ ಹೆಂಡತಿಗೆ ಸಾಕಷ್ಟು ಉಪದೇಶವನ್ನೂ ಮಾಡಿದಳು. ಈಗ ಆಕೆ ಹೊಸ ಕೋಣೆಯಲ್ಲಿದ್ದಾಳೆ. ಹೊರಗೋಡೆಯಲ್ಲಿ ಉಗ್ರಾಣದ ಹಳೆಯ ಗವಾಕ್ಷಿಯನ್ನು ದೊಡ್ಡದು ಮಾಡಿ ಕಿಟಕಿ ಇಟ್ಟಿದ್ದಾರೆ. ಪಕ್ಕದ ಮನೆಯ ಕುಕ್ಕರು ಎಷ್ಟು ಸಲ ಕೂಗಿತು, ಇವತ್ತು ಅಲ್ಲಿ ಏನು ಒಗ್ಗರಣೆ ಎಂಬುದನ್ನು ಮಲಗಿದಲ್ಲಿಂದಲೇ ಹೇಳುತ್ತಾಳೆ. ಒಮ್ಮೆ ಕಿಟಕಿಯಿಂದಲೇ, "ಸಾರಿಗೆ ಬೆಲ್ಲ ಹಾಕಿದ್ದೀರಾ?" ಎಂದು ಕೂಗಿದಳಂತೆ, ಸಂಜೆ ಒಂದು ಲೋಟ ಸಾರು ಬಂತು. ತಂಗಿ ಮತ್ತು ಆ ಮನೆಯಾಕೆಯ ನಡುವೆ ಮಾತು ಇನ್ನೂ ಪೂರ್ತಿ ಶುರುವಾಗಿಲ್ಲ. ಲೋಟವನ್ನು ಅಳಿಯನ ಕೈಯಲ್ಲಿ ಹಿಂದಿರುಗಿಸಿದರು.

ಆದೇಶವನ್ನು ಪಾಲಿಸಿದ್ದೇವೆಂದು ಫೋಟೊಗಳ ಸಮೇತ ಬರೆದುಕೊಟ್ಟಿದ್ದೇವೆ. ಕಡತ ಮುಕ್ತಾಯವಾಯಿತೆಂಬ ಹಿಂಬರಹ ಮಾತ್ರ ಬರಬೇಕಾಗಿದೆ. ಕಡತದ ಸಂಖ್ಯೆ ನನ್ನ ಡೈರಿಯಲ್ಲಿದೆ, ಸೋಮವಾರ ಇನ್ನೊಮ್ಮೆ ಹೋಗಿ ಬರಬೇಕು.